ಒಂದೇ ಸಲದ ಮದ್ದು, ಮತ್ತೆ ಮತ್ತೆ ಬಳಿಯುವ ಎಣ್ಣೆ

ಬೆಂಗಳೂರಿನ ಹೊರವರ್ತುಲ ರಸ್ತೆಯ ಬದಿಯ ಅಗರದಲ್ಲಿ ದೊರೆತ ಗಂಗರ ಕಾಲದ ಶಾಸನವೊಂದು, ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯ ಕೆರೆಯೊಂದನ್ನು ಕಟ್ಟಿಸಿದ ಎಂದು ಹೇಳುತ್ತದೆ. ಅದರ ಕಾಲ ಸುಮಾರು ಕ್ರಿ.ಶ. 870. ಅಗರದ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಇಂದು ಐಟಿ ಕಂಪನಿಗಳ ಕಟ್ಟಡಗಳು ಸಾಲುಗಟ್ಟಿ ನಿಂತಿರುವುದು ಈ ಕೆರೆಸರಣಿಯ ಆಸುಪಾಸಿನಲ್ಲೇ. ಹಳೆಯ ತೂಬುಗಳ ಕಲ್ಲುಕಂಬಗಳು ಹಲವು ಕೆರೆಗಳಲ್ಲಿ ಈಗಲೂ ಕಾಣುತ್ತವೆ. ತೂಬು ಇಡಿಸಿದವರ ಹೆಸರು ಶಾಸನದಲ್ಲಿದೆ. ಆದರೆ ಅಂಥ ತೂಬಿನ ಕಂಡಿಯನ್ನು ಮುಚ್ಚುತ್ತಿದ್ದುದು ಮರದ ಬಿರಡೆ, ಅದನ್ನು ಎತ್ತಿಳಿಸುತ್ತಿದ್ದುದು ಮರದ ಕೋಲು. ಬದುಕಿನುದ್ದಕ್ಕೂ ನೀರಲ್ಲೇ ಇದ್ದ ಈ ಮರ ನಮ್ಮ ಚರಿತ್ರೆಯ ಲೆಕ್ಕಕ್ಕೆ ಬಂದಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ಹಸಿರು ನ್ಯಾಯಮಂಡಳಿಯ ಆದೇಶಗಳ ಬಳಿಕ ದೊಡ್ಡ ಪ್ರಮಾಣದಲ್ಲಿ ಹೂಳೆತ್ತುವ ಕೆಲಸ ನಡೆದಿದೆ. ಹಾಗೆ ತೋಡುವಾಗ ಶತಮಾನಗಳ ಹಿಂದಿನ ಮರದ ತುಂಡೊಂದು ಕೆಸರಿನಿಂದ ಮೇಲೆ ಬಂದರೆ ಅದನ್ನು ಯಾವುದರಿಂದ ಕಾಪಾಡಬೇಕು? ಬೇವು, ಹೊಂಗೆ, ಲವಂಗ, ನಿಂಬೆಹುಲ್ಲು ಮೊದಲಾದವುಗಳ ಸೂಕ್ಷ್ಮಾಣುನಾಶಕ ಗುಣದ ಕಡೆಗೆ ಜಗತ್ತಿನ ಸಂರಕ್ಷಣಾ ವಿಜ್ಞಾನ ಇಂದು ಮತ್ತೆ ನೋಡುತ್ತಿದೆ. ಕನ್ನಡ ನಾಡಿನಲ್ಲಿ ಇಂಥ ಸಸ್ಯಮದ್ದುಗಳಿಗೆ ದೀರ್ಘ ಇತಿಹಾಸವಿದೆ. ಆ ಇತಿಹಾಸವನ್ನು ಸರಿಯಾಗಿ ಓದಿದರೆ ಸಿಗುವ ಪಾಠ, ಗಿಡಮೂಲಿಕೆಗೆ ಪವಾಡದ ಶಕ್ತಿಯಿದೆ ಎಂಬುದಲ್ಲ. ಕಾಪಾಡುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ವರ್ಷ ವರ್ಷವೂ ನಡೆಯಬೇಕಾದ ಆರೈಕೆ ಎಂಬುದೇ ಆ ಪಾಠ. ಸಸ್ಯಮದ್ದಿನ ಬಲವೂ ಮಿತಿಯೂ ಈ ಒಂದೇ ಮಾತಿನಲ್ಲಿವೆ.

ನೀರುಂಡ ಮರ ಬರಿಯ ಒದ್ದೆ ಮರವಲ್ಲ. ಕೆಸರಿನ ಆಳದಲ್ಲಿ ಆಮ್ಲಜನಕ ಇಲ್ಲದಿರುವುದರಿಂದ ಗೆದ್ದಲು, ಮರ ಕೊಳೆಯಿಸುವ ಶಿಲೀಂಧ್ರ ಇವು ಅಲ್ಲಿ ಬದುಕಲಾರವು. ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಮಾತ್ರ ತೀರ ನಿಧಾನವಾಗಿ ಮರದ ಕೋಶಗಳ ಗೋಡೆಯನ್ನು ಸವೆಸುತ್ತವೆ. ಅವು ಸೆಲ್ಯುಲೋಸನ್ನು ತಿನ್ನುತ್ತವೆ, ಲಿಗ್ನಿನ್ ಬಹುಪಾಲು ಉಳಿಯುತ್ತದೆ. ಖಾಲಿಯಾದ ಜಾಗವನ್ನೆಲ್ಲ ನೀರು ತುಂಬಿಕೊಳ್ಳುವುದರಿಂದ ಹೊರಗಿನ ಆಕಾರ, ಉಳಿಯ ಗುರುತು, ಕೆತ್ತನೆ ಎಲ್ಲವೂ ಇದ್ದ ಹಾಗೇ ಕಾಣುತ್ತವೆ. ಮರ ಮೇಲೆ ಬಂದ ಕೂಡಲೇ ಎರಡು ಅಪಾಯಗಳು ಒಟ್ಟಿಗೆ ಎದುರಾಗುತ್ತವೆ. ನೀರು ಆರತೊಡಗಿದರೆ ಬಲಗೆಟ್ಟ ಕೋಶಗಳು ಒಳಕ್ಕೆ ಕುಸಿದು, ಮರ ಮುರುಟಿ ಸೀಳುತ್ತದೆ. ಹೀಗೆ ಆದದ್ದನ್ನು ಮತ್ತೆ ಸರಿಪಡಿಸಲಾಗದು. ಆರದಂತೆ ನೀರಲ್ಲೇ ಇಟ್ಟರೆ, ಈಗ ಗಾಳಿಯೂ ಬೆಳಕೂ ಸಿಕ್ಕಿರುವುದರಿಂದ ಶಿಲೀಂಧ್ರ, ಪಾಚಿ, ಹೊಸ ಬ್ಯಾಕ್ಟೀರಿಯಾಗಳು ಶತಮಾನಗಳಲ್ಲಿ ಆಗದ ಹಾನಿಯನ್ನು ಕೆಲವೇ ತಿಂಗಳಲ್ಲಿ ಮಾಡುತ್ತವೆ. ಇನ್ನೊಂದು ಸಂಗತಿಯನ್ನೂ ಮರೆಯಬಾರದು. ತೇಗ, ಹೊನ್ನೆ, ಹೆಬ್ಬಲಸಿನಂಥ ಮರಗಳ ಚೇಗು ಬಾಳಿಕೆ ಬರುವುದು ಅದರೊಳಗೆ ಮರವೇ ಕೂಡಿಟ್ಟ ಕಹಿ, ಒಗರು, ಎಣ್ಣೆಯ ಅಂಶಗಳಿಂದ. ಬಹುಕಾಲ ನೀರಲ್ಲಿ ಮುಳುಗಿದ ಮರದಿಂದ ಈ ಅಂಶಗಳು ಸೋರಿಹೋಗುತ್ತವೆ, ಹಾಗಾಗಿ ಮೇಲೆ ಬರುವ ಹೊತ್ತಿಗೆ ಅದು ತನ್ನ ಸ್ವಂತ ರಕ್ಷಣೆಯನ್ನು ಕಳೆದುಕೊಂಡಿರುತ್ತದೆ. ಸಸ್ಯಮೂಲದ ಸೂಕ್ಷ್ಮಾಣುನಾಶಕ ಬಳಸುವುದೆಂದರೆ ಮರಕ್ಕೆ ಅಪರಿಚಿತವಾದುದನ್ನು ತುಂಬುವುದಲ್ಲ, ಅದು ಕಳೆದುಕೊಂಡದ್ದರ ಬಂಧುವೊಂದನ್ನು ಮರಳಿ ಕೊಡುವುದು. ಇದು ದಕ್ಷಿಣ ಭಾರತಕ್ಕೆ ದೂರದ ವಿಷಯವೂ ಅಲ್ಲ. ಕೇರಳದ ಪಟ್ಟಣಂ ಉತ್ಖನನದಲ್ಲಿ 2007ರಲ್ಲಿ ಸುಮಾರು 6 ಮೀಟರ್ ಉದ್ದದ, ಒಂದೇ ದಿಮ್ಮಿಯನ್ನು ತೋಡಿ ಮಾಡಿದ ದೋಣಿ ನೀರು ತುಂಬಿದ ಪದರದಲ್ಲಿ ಸಿಕ್ಕಿತು. ಅದು ಸುಮಾರು ಎರಡು ಸಾವಿರ ವರ್ಷ ಹಳೆಯದು, ಮರ ಹೆಬ್ಬಲಸು. ಅದಕ್ಕೂ ಮೊದಲು ಆಲಪ್ಪುಳ ಜಿಲ್ಲೆಯ ತೈಕ್ಕಲ್‌ನಲ್ಲಿ ಮಧ್ಯಯುಗದ ದೊಡ್ಡ ದೋಣಿಯೊಂದು ನೆಲದಡಿಯಿಂದ ಎದ್ದುಬಂದಿತ್ತು. ಕರ್ನಾಟಕದ ಕರಾವಳಿಯೂ ಇದೇ ಮಳೆ, ಇದೇ ಮರ, ಇದೇ ಹಿನ್ನೀರಿನ ನಾಡು.

ಕನ್ನಡ ನಾಡಿನಲ್ಲಿ ಪುರಾತನ ವಸ್ತುವನ್ನು ಸಸ್ಯದಿಂದ ಕಾಪಾಡಿದ ಅತ್ಯುತ್ತಮ ದಾಖಲೆ ಓಲೆಗರಿಯದು. ಓಲೆಯೂ ಮರದಂತೆ ಸೆಲ್ಯುಲೋಸ್ ಮತ್ತು ಲಿಗ್ನಿನ್‌ನಿಂದಾದದ್ದು, ಅದಕ್ಕೂ ಹುಳು ಮತ್ತು ಬೂಷ್ಟು ಶತ್ರುಗಳು. ಕಂಠವೆಂಬ ಮೊನಚು ಲೇಖನಿಯಿಂದ ಕೊರೆದ ಅಕ್ಷರಕ್ಕೆ ಮಸಿ ಮತ್ತು ಎಣ್ಣೆ ತೀಡುವುದು, ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಬಜೆ, ಬೇವಿನೆಲೆ ಇಡುವುದು ಹಳೆಯ ರೂಢಿ. ನಿಂಬೆಹುಲ್ಲು ಮತ್ತು ಸಿಟ್ರೊನೆಲ್ಲಾ ಹುಲ್ಲಿನ ಎಣ್ಣೆ ಇಂದಿಗೂ ಓಲೆಗರಿ ಭಂಡಾರಗಳಲ್ಲಿ ಬಳಕೆಯಲ್ಲಿದೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪನೆಯಾದ ಪ್ರಾಚ್ಯ ವಿದ್ಯಾ ಸಂಶೋಧನಾಲಯದಂಥ ಕಡೆ ಸಾವಿರಾರು ಓಲೆಕಟ್ಟುಗಳು ಉಳಿದು ಬಂದಿವೆ. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡುಕೊಂಡದ್ದು ಅಲ್ಲಿನ ಓಲೆಗಳಲ್ಲಿ. ಮೂಡುಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ ಗ್ರಂಥಗಳ ಓಲೆಪ್ರತಿಗಳು, ವರ್ಷದ ಹಲವು ತಿಂಗಳು ಗಾಳಿಯೇ ಒದ್ದೆಯಾಗಿರುವ ಆ ಊರಿನಲ್ಲಿ, ಶತಮಾನಗಳನ್ನು ದಾಟಿದವು. ಇದರ ಶ್ರೇಯಸ್ಸನ್ನು ಎಣ್ಣೆಗೆ ಮಾತ್ರ ಕೊಟ್ಟರೆ ಅರ್ಧ ಸತ್ಯ ಹೇಳಿದಂತೆ. ಜೈನರಲ್ಲಿ ಜ್ಯೇಷ್ಠ ಶುದ್ಧ ಪಂಚಮಿಯ ದಿನ ಶ್ರುತಪಂಚಮಿ. ಆ ದಿನ ಗ್ರಂಥಗಳನ್ನು ಹೊರತೆಗೆದು, ದೂಳು ಒರೆಸಿ, ಗಾಳಿಯಾಡಿಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುವುದು ಸಂಪ್ರದಾಯ. ಮುಂಗಾರಿನ ತೇವ ನೆಲೆಯೂರುವ ಹೊತ್ತಿಗೆ ಪ್ರತಿಯೊಂದು ಕಟ್ಟನ್ನೂ ಒಬ್ಬರು ಬಿಚ್ಚಿ ನೋಡುತ್ತಿದ್ದರು ಎಂಬುದೇ ಇಲ್ಲಿ ಮುಖ್ಯ. ಹುಲ್ಲಿನ ಎಣ್ಣೆ ಆವಿಯಾಗಿ ಹೋಗುವಂಥದು. ಪಂಚಾಂಗ ಅದನ್ನು ಮತ್ತೆ ಮತ್ತೆ ಹಚ್ಚುವಂತೆ ನೋಡಿಕೊಂಡಿತು.

ಕರಾವಳಿಯ ದೋಣಿಗಳ ಕಥೆಯೂ ಇದನ್ನೇ ಹೇಳುತ್ತದೆ. ಬೆಚ್ಚಗಿನ ಸಮುದ್ರದಲ್ಲಿ ಮರ ಕೊರೆಯುವ ಹಡಗುಹುಳು ಕೆಲವೇ ತಿಂಗಳಲ್ಲಿ ಹಲಗೆಯನ್ನು ಜರಡಿ ಮಾಡುತ್ತದೆ. ಮಂಗಳೂರು, ಉಡುಪಿ, ಕಾರವಾರ, ಕಾಸರಗೋಡಿನ ಮೀನುಗಾರರು ಹೊನ್ನೆ ಎಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ಬೂತಾಯಿ ಮೀನಿನ ಎಣ್ಣೆಗಳನ್ನು ದೋಣಿಗೆ ಬಳಿದರು. ಈ ಪಟ್ಟಿಯಲ್ಲಿ ಮೀನಿನೆಣ್ಣೆ ಇರುವುದನ್ನು ಮುಚ್ಚಿಡಬಾರದು. ಪರಂಪರೆಯ ಜನ ಸಸ್ಯ, ಪ್ರಾಣಿ ಎಂದು ಭೇದ ಮಾಡಿದವರಲ್ಲ, ಕೈಗೆ ಸಿಕ್ಕಿದ್ದರಲ್ಲಿ ಕೆಲಸಕ್ಕೆ ಬಂದದ್ದನ್ನು ಬಳಸಿದವರು. ಗೇರು ಕೂಡ ಅನಾದಿಕಾಲದ್ದಲ್ಲ. ಪೋರ್ಚುಗೀಸರು ತಂದ ಮರ ಅದು. ಅದರ ಸಿಪ್ಪೆಯ ಎಣ್ಣೆ ಹೇರಳವಾಗಿ ಸಿಗತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ ಮಂಗಳೂರಿನ ಗೇರುಬೀಜ ಕಾರ್ಖಾನೆಗಳು ಬೆಳೆದ ಮೇಲೆ. ಅಂದರೆ ಪರಂಪರೆಯೂ ಹೊಸದನ್ನು ಪರೀಕ್ಷಿಸಿ ಸೇರಿಸಿಕೊಳ್ಳುತ್ತಾ ಬಂದದ್ದು. ಬದಲಾಗದೆ ಉಳಿದದ್ದು ಕ್ರಮ ಮಾತ್ರ. ಮಳೆಗಾಲದಲ್ಲಿ ದೋಣಿಯನ್ನು ದಡಕ್ಕೆಳೆದು, ಕೆರೆದು, ಒಣಗಿಸಿ, ಸಂದು ಬಿಗಿದು, ಎಣ್ಣೆ ಬಳಿದು, ನೂಲ ಹುಣ್ಣಿಮೆಯ ಸಮುದ್ರಪೂಜೆಯ ಬಳಿಕ ನೀರಿಗಿಳಿಸುವುದು. ಎಣ್ಣೆ ತೊಳೆದುಹೋಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ದೋಷವೆಂದು ಅವರು ಭಾವಿಸಲಿಲ್ಲ. ಮತ್ತೆ ಬಳಿಯುವ ದಿನ ಮೊದಲೇ ಗೊತ್ತಾಗಿತ್ತು. ವರ್ಷಕ್ಕೊಮ್ಮೆ ಹಲಗೆ ಹಲಗೆಯನ್ನೂ ಕೈಯಿಂದ ಮುಟ್ಟಿ ನೋಡುವುದರಿಂದ ಕೆಟ್ಟದ್ದು ಎಲ್ಲಿದೆ ಎಂಬುದೂ ಆಗಲೇ ತಿಳಿಯುತ್ತಿತ್ತು.

ಈ ಕ್ರಮವನ್ನು ಮುರಿದ ಶೋಧವೂ ಭಾರತದ್ದೇ. ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ಮಿಶ್ರಣವೊಂದನ್ನು ರೂಪಿಸಿದರು. ಶಿಲೀಂಧ್ರಕ್ಕೆ ತಾಮ್ರ, ಹುಳುವಿಗೆ ಆರ್ಸೆನಿಕ್, ಇವೆರಡನ್ನೂ ಮರದೊಳಗೆ ಕಚ್ಚಿ ಹಿಡಿಸಲು ಕ್ರೋಮಿಯಂ. ಒಮ್ಮೆ ಒತ್ತಡದಿಂದ ಒಳಗೆ ಸೇರಿಸಿದರೆ ನೀರಿಗೆ ಬಹುಮಟ್ಟಿಗೆ ತೊಳೆಯದು, ದಶಕಗಳ ಕಾಲ ಮರ ಕೆಡದು. ಜಗತ್ತಿನಾದ್ಯಂತ ಕಂಬ, ಸೇತುವೆ, ಕಟ್ಟೆಗಳಿಗೆ ಅದು ಬಳಕೆಯಾಯಿತು. ಇದನ್ನು ಕೇಡೆಂದು ಬಗೆಯುವುದು ಅನ್ಯಾಯ. ಒಂದು ಕಂಬ ಐದು ವರ್ಷದ ಬದಲು ಮೂವತ್ತು ವರ್ಷ ಬಾಳಿದರೆ ಅಷ್ಟು ಕಾಡು ಉಳಿಯಿತು. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವನ್ನು ತೆರೆದದ್ದೂ ಕಾಡಿನ ಮರವನ್ನು ವಿಜ್ಞಾನದ ನೆರವಿನಿಂದ ಚೆನ್ನಾಗಿ ಬಳಸಬೇಕೆಂಬ ಆ ಕಾಲದ ಹಂಬಲದಲ್ಲೇ. ಅದೇ ಮುಂದೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಆದರೆ ಒಂದೇ ಸಲದ ಮದ್ದಿನ ಬೆಲೆ ತಡವಾಗಿ ತಿಳಿಯಿತು. ಆರ್ಸೆನಿಕ್ ತುಂಬಿದ ಹಳೆಯ ಮರವನ್ನು ಸುಡುವಂತಿಲ್ಲ, ಹೂಳುವುದೂ ಸುರಕ್ಷಿತವಲ್ಲ. 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದರ ತಯಾರಿಕೆ ನಿಂತಿತು. ಮರ ರಕ್ಷಣೆಗೆ ಬಹಳ ಬಳಕೆಯಲ್ಲಿದ್ದ ಪೆಂಟಾಕ್ಲೋರೋಫಿನಾಲ್ 2015ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿ ಸೇರಿತು.

ಪುರಾತನ ಮರದ ವಿಷಯದಲ್ಲಿ ಈ ಪಾಠ ಇನ್ನೂ ಕಠಿಣವಾಗಿ ಬಂತು. ನಾರ್ವೆಯ ಓಸೆಬರ್ಗ್‌ನಲ್ಲಿ 1904ರಲ್ಲಿ ವೈಕಿಂಗರ ಸಮಾಧಿಯೊಂದನ್ನು ಅಗೆದಾಗ ಹಡಗಿನ ಜೊತೆ ಅಪೂರ್ವ ಕೆತ್ತನೆಯ ಮರದ ವಸ್ತುಗಳು ದೊರೆತವು. ಅವುಗಳಲ್ಲಿ ತೀರ ಬಲಗುಂದಿದ್ದವನ್ನು ಪಟಿಕದ ಬಿಸಿ ದ್ರಾವಣದಲ್ಲಿ ಅದ್ದಿ ಗಟ್ಟಿಗೊಳಿಸಿದರು. ಅಂದಿಗೆ ಅದು ಜಾಣ ಉಪಾಯ. ಆದರೆ ಆ ಪ್ರಕ್ರಿಯೆಯಲ್ಲಿ ಹುಟ್ಟಿದ ಗಂಧಕಾಮ್ಲ ನೂರು ವರ್ಷ ಒಳಗೊಳಗೇ ಮರವನ್ನು ತಿಂದಿತು, ಈಗ ಆ ವಸ್ತುಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಸ್ವೀಡನ್ನಿನ ವಾಸಾ ಹಡಗು 1628ರಲ್ಲಿ ಮುಳುಗಿ 1961ರಲ್ಲಿ ಮೇಲೆ ಬಂತು. ಹದಿನೇಳು ವರ್ಷ ಅದರ ಮೇಲೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣವನ್ನು ಸಿಂಪಡಿಸಿದರು, ಬೂಷ್ಟು ಬೆಳೆಯದಂತೆ ಬೋರಿಕ್ ಆಮ್ಲ ಮತ್ತು ಬಿಳಿಗಾರವನ್ನು ಸೇರಿಸಿದರು. ಹಡಗು ಕುಸಿಯದೆ ನಿಂತಿತು. ಆದರೆ 2000ದ ಸುಮಾರಿಗೆ ಅದರ ಮೈಮೇಲೆ ಆಮ್ಲದ ಲವಣಗಳು ಮೂಡಿದವು. ನಗರದ ಕೊಳಚೆ ಸೇರಿ ಆಮ್ಲಜನಕ ಕಳೆದುಕೊಂಡಿದ್ದ ಸ್ಟಾಕ್‌ಹೋಮ್ ಬಂದರಿನ ನೀರಿನಲ್ಲಿ ಮರ ಹೀರಿಕೊಂಡ ಗಂಧಕ, ಕಬ್ಬಿಣದ ಮೊಳೆಗಳ ಸಹವಾಸದಲ್ಲಿ ಗಂಧಕಾಮ್ಲವಾಗುತ್ತಿತ್ತು. ಈ ಎರಡೂ ಕಡೆ ಕೆಲಸ ಮಾಡಿದವರು ಅಸಡ್ಡೆಯ ಜನರಲ್ಲ, ತಮ್ಮ ಕಾಲದ ಶ್ರೇಷ್ಠ ತಜ್ಞರು. ಚಿಕಿತ್ಸೆ ಮುಗಿಯಿತು, ಇನ್ನು ವಸ್ತು ತಾನಾಗಿ ಉಳಿಯುತ್ತದೆ ಎಂಬ ನಂಬಿಕೆಯೇ ಸೋತದ್ದು. ಹಾಗಾಗಿ ಇಂದಿನ ಸಂರಕ್ಷಕರು ಮತ್ತೆ ತೆಗೆಯಬಹುದಾದ, ಮತ್ತೆ ಮಾಡಬಹುದಾದ ಚಿಕಿತ್ಸೆಗೆ ಹೆಚ್ಚು ಬೆಲೆ ಕೊಡುತ್ತಾರೆ. ಓಸೆಬರ್ಗ್ ವಸ್ತುಗಳಿಗಾಗಿ ಓಸ್ಲೋದ ಸಂಶೋಧಕರು ಐಸೊಯೂಜಿನಾಲ್ ಎಂಬ ಸಸ್ಯಮೂಲದ ಅಣುವಿನಿಂದ ಲಿಗ್ನಿನ್‌ಗೆ ಹೋಲುವ ಗಟ್ಟಿಕಾರಕವನ್ನು ರೂಪಿಸಲು ಪ್ರಯತ್ನಿಸಿರುವುದು ಇದೇ ದಾರಿಯಲ್ಲಿ.

ಹಾಗಾದರೆ ಸಸ್ಯಮದ್ದಿನ ಜಾಗ ಎಲ್ಲಿ? ಲವಂಗದ ಯೂಜಿನಾಲ್, ಓಮದ ಥೈಮಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ನಿಂಬೆಹುಲ್ಲಿನ ಸಿಟ್ರಾಲ್ ಇವು ಸೂಕ್ಷ್ಮಾಣುವಿನ ಹೊರಪೊರೆಯನ್ನು ಕೆಡಿಸಿ ಅದನ್ನು ಕೊಲ್ಲುತ್ತವೆ ಅಥವಾ ಬೆಳೆಯದಂತೆ ತಡೆಯುತ್ತವೆ. ಬೇವಿನ ಅಜಾಡಿರಾಕ್ಟಿನ್ ಹೆಚ್ಚಾಗಿ ಕೀಟಗಳ ಮೇಲೆ ಕೆಲಸ ಮಾಡುವಂಥದು; ಹೊಂಗೆಯ ಕಹಿಗೆ ಕಾರಣವಾದ ಕರಂಜಿನ್, ಗೇರುಸಿಪ್ಪೆಯ ಅನಾಕಾರ್ಡಿಕ್ ಆಮ್ಲ ಇವುಗಳಿಗೂ ಇಂಥ ಗುಣಗಳಿವೆ. ಇವುಗಳಲ್ಲಿ ಯಾವುದೂ ಖಾಲಿಯಾದ ಕೋಶಕ್ಕೆ ಆಸರೆ ಕೊಡಲಾರದು. ಬರಿಯ ಎಣ್ಣೆ ಹಚ್ಚಿ ನೀರುಂಡ ಮರವನ್ನು ಬಿಸಿಲಿಗಿಟ್ಟರೆ ಅದು ಮುರುಟಿಯೇ ಮುರುಟುತ್ತದೆ. ದೋಣಿಯ ಗಟ್ಟಿ ಹಲಗೆಗೆ ಒಪ್ಪುವ ಕ್ರಮ ಇದಕ್ಕೆ ಒಪ್ಪದು. ಆದ್ದರಿಂದ ಗಟ್ಟಿಗೊಳಿಸುವ ಕೆಲಸವನ್ನು ಗ್ಲೈಕಾಲ್‌ನಂಥ ವಸ್ತುಗಳಿಗೇ ಬಿಡಬೇಕು. ಸಸ್ಯಮದ್ದಿಗೆ ಸಲ್ಲುವುದು ಅದಕ್ಕೂ ಮುಂಚಿನ ಮತ್ತು ಆಮೇಲಿನ ಕಾಲ. ಮರ ಮೇಲೆ ಬಂದ ದಿನದಿಂದ ಚಿಕಿತ್ಸೆ ಶುರುವಾಗುವವರೆಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅದು ನೀರಿನ ತೊಟ್ಟಿಯಲ್ಲಿ ಕಾಯಬೇಕಾಗುತ್ತದೆ. ಯುರೋಪಿನ ತಣ್ಣನೆಯ ನೀರಿಗಿಂತ ಬೆಂಗಳೂರಿನ ಬೆಚ್ಚಗಿನ ನೀರಿನಲ್ಲಿ ಸೂಕ್ಷ್ಮಾಣುಗಳು ಬೇಗ ಬೆಳೆಯುವುದರಿಂದ ಈ ಕಾಯುವಿಕೆ ಇಲ್ಲಿ ಹೆಚ್ಚು ಅಪಾಯದ್ದು. ತೊಟ್ಟಿಯ ನೀರನ್ನು ಆಗಾಗ ಬದಲಿಸಲೇಬೇಕು. ಹಾಗೆ ಬದಲಿಸಿದ ನೀರು ಎಲ್ಲಿಗೆ ಹೋಗುತ್ತದೆ? ಪೀಣ್ಯದ ಕಾರ್ಖಾನೆಗಳ ತ್ಯಾಜ್ಯ ವೃಷಭಾವತಿಯನ್ನೂ ಊರಿನ ಚರಂಡಿ ಬೆಳ್ಳಂದೂರನ್ನೂ ಏನು ಮಾಡಿದವು ಎಂದು ಬಲ್ಲ ನಗರ, ಕೆರೆಯ ಮರವನ್ನು ಉಳಿಸಲು ಹೋಗಿ ಕೆರೆಗೇ ವಿಷ ಬಿಡುವಂತಾಗಬಾರದು. ಬೇಗ ಕೊಳೆತು ಮಣ್ಣಿಗೆ ಸೇರುವ ಸಸ್ಯದ್ರವ್ಯಗಳಿಗೆ ಇಲ್ಲಿ ನಿಜವಾದ ಅನುಕೂಲವಿದೆ.

ಇದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು, ಸಸ್ಯದ ಸಾರ ಎಲ್ಲ ಕಾಲಕ್ಕೂ ಒಂದೇ ಸಮ ಇರುವುದಿಲ್ಲ ಎಂಬುದು. ಮಣ್ಣು, ಋತು, ತೆಗೆಯುವ ವಿಧಾನ ಬದಲಾದರೆ ಗುಣವೂ ಬದಲಾಗುತ್ತದೆ. ಹಸಿಯಾಗಿ ತೆಗೆದ ಗೇರುಸಿಪ್ಪೆಯ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ ಹೆಚ್ಚಿರುತ್ತದೆ, ಕಾಯಿಸಿ ತೆಗೆದದ್ದರಲ್ಲಿ ಅದು ಕಾರ್ಡನಾಲ್ ಆಗಿ ಮಾರ್ಪಟ್ಟಿರುತ್ತದೆ. ಹೆಸರು ಒಂದೇ, ವಸ್ತು ಬೇರೆ. ಈ ಮಾತು ನಿಜ, ಇದಕ್ಕೆ ಪರಿಹಾರವೂ ಇದೆ. ಸಾರವನ್ನು ಅಂದಾಜಿನಿಂದ ಬಳಸದೆ, ಅದರ ಮುಖ್ಯ ಅಣುವನ್ನು ಅಳೆದು, ಪ್ರಮಾಣ ನಿಗದಿ ಮಾಡಿ ಬಳಸುವುದು. ಎರಡನೆಯದು, ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುವ ಸೂಕ್ಷ್ಮಾಣುವನ್ನು ಲವಂಗದೆಣ್ಣೆ ಕೊಂದಿತೆಂದ ಮಾತ್ರಕ್ಕೆ ಮರ ಸವೆಸುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ ಎನ್ನಲಾಗದು. ಅವುಗಳನ್ನು ಪ್ರತ್ಯೇಕಿಸಿ ಬೆಳೆಸುವುದೇ ಬಹಳ ಕಷ್ಟ. ಹಾಗಾಗಿ ನಿಜವಾದ ಹಳೆಯ ಮರದ ಚೂರುಗಳ ಮೇಲೆ ದೀರ್ಘಕಾಲದ ಪರೀಕ್ಷೆ ಆಗದೆ ಯಾವ ಎಣ್ಣೆಯನ್ನೂ ಹೊಗಳಬಾರದು. ಮೂರನೆಯದು, ಎಣ್ಣೆ ನೀರಲ್ಲಿ ಬೆರೆಯದು, ನೀರು ತುಂಬಿದ ಮರದ ಆಳಕ್ಕೆ ಇಳಿಯದು. ಇದೂ ಸರಿಯೇ. ಆದರೆ ತೊಟ್ಟಿಯಲ್ಲಿ ಹೊಸ ದಾಳಿ ಶುರುವಾಗುವುದು ಮರದ ಮೇಲ್ಮೈಯಿಂದ ಮತ್ತು ಸುತ್ತಲಿನ ನೀರಿನಿಂದ. ಅಷ್ಟನ್ನು ಕಾಯ್ದರೆ ಕಾಯುವ ಕಾಲದ ದೊಡ್ಡ ಅಪಾಯ ತಪ್ಪುತ್ತದೆ.

ನಾಲ್ಕನೆಯ ಆಕ್ಷೇಪ ಪುರಾತತ್ವದವರದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು. ಮರದ ವಯಸ್ಸನ್ನು ಅದರಲ್ಲಿ ಉಳಿದ ಕಾರ್ಬನ್-14ರಿಂದ ಅಳೆಯುತ್ತಾರೆ. ಇಂದಿನ ಗಿಡದ ಎಣ್ಣೆ ಎಂದರೆ ಇಂದಿನ ಕಾರ್ಬನ್. ಅದು ಹಳೆಯ ಮರಕ್ಕೆ ಸೇರಿದರೆ ಮರ ಇದ್ದದ್ದಕ್ಕಿಂತ ಎಳೆಯದಾಗಿ ಕಾಣುತ್ತದೆ. ಒಗರಿನ ಸಾರಗಳು ಕಬ್ಬಿಣ ತಾಗಿದ ಮರವನ್ನು ಕಪ್ಪಗೆ ಮಾಡುತ್ತವೆ, ಮರದ ಜಾತಿ ಗುರುತಿಸಲು ನೆರವಾಗುವ ರಸಾಯನದ ಸುಳಿವುಗಳನ್ನೂ ಕಲಸಿಬಿಡಬಹುದು. ಇದಕ್ಕೆ ಒಂದೇ ಉತ್ತರ, ಯಾವ ಮದ್ದನ್ನೂ ಮುಟ್ಟಿಸುವ ಮೊದಲು ಮಾದರಿ ತುಂಡುಗಳನ್ನು ತೆಗೆದು, ಗುರುತು ಹಾಕಿ, ತಣ್ಣಗೆ ಬೇರೆ ಇಡಬೇಕು. ಆಮೇಲೆ ಏನನ್ನು, ಎಂದು, ಎಷ್ಟು ಬಳಸಿದೆವು ಎಂದು ಬರೆದಿಡಬೇಕು. ಪೆಟ್ರೋಲಿಯಂ ಮೂಲದ ಗ್ಲೈಕಾಲ್ ಕೂಡ ಇದೇ ಲೆಕ್ಕವನ್ನು ಇನ್ನೊಂದು ದಿಕ್ಕಿಗೆ ಕೆಡಿಸುತ್ತದೆ. ಹಾಗಾಗಿ ಇದು ಸಸ್ಯಮದ್ದಿಗೆ ಮಾತ್ರ ಅಂಟಿದ ದೋಷವಲ್ಲ, ಎಲ್ಲ ಚಿಕಿತ್ಸೆಗೂ ಸಲ್ಲಬೇಕಾದ ಶಿಸ್ತು. ಇದರೊಂದಿಗೆ ಸಸ್ಯಪ್ರೇಮಿಗಳಿಗೂ ಒಂದು ಮಾತು ಹೇಳಬೇಕು. ಗಿಡದಿಂದ ಬಂದದ್ದೆಲ್ಲ ನಿರುಪದ್ರವಿಯಲ್ಲ. ಹೊಂಗೆಯನ್ನು ಮೀನು ಹಿಡಿಯಲು ವಿಷವಾಗಿ ಬಳಸುತ್ತಿದ್ದರು, ಗೇರುಸಿಪ್ಪೆಯ ಎಣ್ಣೆ ಕಾರ್ಖಾನೆಯ ಹೆಣ್ಣುಮಕ್ಕಳ ಕೈ ಸುಟ್ಟದ್ದು ಎಲ್ಲರಿಗೂ ತಿಳಿದ ಕಥೆ. ಕೊಲ್ಲುವ ಶಕ್ತಿ ಇರುವುದರಿಂದಲೇ ಇವು ಮದ್ದಾಗುತ್ತವೆ, ಆ ಶಕ್ತಿಗೆ ತಕ್ಕ ಎಚ್ಚರವೂ ಬೇಕು.

ಬಯಲುಸೀಮೆಯ ಬೆಂಗಳೂರಿನಲ್ಲಿ ನೀರುಂಡ ಮರ ಎಲ್ಲಿಂದ ಬರಬೇಕು ಎಂಬುದು ಕೊನೆಯ ಆಕ್ಷೇಪ. ಕೆಂಪುಮಣ್ಣು ಮತ್ತು ಗೆದ್ದಲಿನ ಈ ನೆಲದಲ್ಲಿ ಮರ ಉಳಿಯುವುದಿಲ್ಲ ಎಂಬುದು ಮೇಲುನೆಲದ ಮಟ್ಟಿಗೆ ಸರಿ. ಕೆರೆಗಳೂ ಬರಗಾಲದಲ್ಲಿ ಬತ್ತುವುದರಿಂದ ಅಂಗಳದ ಮೇಲ್ಪದರದ ಮರ ಕೊಳೆಯುತ್ತದೆ. ಆದರೆ ತೂಬಿನ ಬುಡ, ಹಳೆಯ ಬಾವಿಗಳ ತಳ, ಏರಿಯ ಒಳಗಿನ ತೇವದ ಜೇಡಿ ಇವು ಸುಲಭವಾಗಿ ಒಣಗುವ ಜಾಗಗಳಲ್ಲ. ಬೆಳ್ಳಂದೂರು, ವರ್ತೂರುಗಳ ಕೆಸರಿಗೆ ಇನ್ನೊಂದು ಗುಣ ಸೇರಿದೆ. ದಶಕಗಳ ಕೊಳಚೆ ಅದನ್ನು ಆಮ್ಲಜನಕ ಇಲ್ಲದ, ಗಂಧಕ ತುಂಬಿದ ಕೆಸರಾಗಿಸಿದೆ. ಸ್ಟಾಕ್‌ಹೋಮ್ ಬಂದರಿನ ಉದಾಹರಣೆಯಿಂದ ತರ್ಕಿಸಿದರೆ, ಅಂಥ ಕೆಸರಿನಲ್ಲಿ ಮರ ಉಳಿಯುವ ಸಾಧ್ಯತೆ ಹೆಚ್ಚು, ಉಳಿದ ಮರದೊಳಗೆ ಆಮ್ಲವಾಗಬಲ್ಲ ಗಂಧಕ ಇರುವ ಸಾಧ್ಯತೆಯೂ ಹೆಚ್ಚು. ಅದನ್ನು ಯಾವ ಬೇವೂ ತಡೆಯದು. ಬೇರೆ ಪರೀಕ್ಷೆ, ಬೇರೆ ಚಿಕಿತ್ಸೆ ಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿರುವುದು ಮುಖ್ಯ. ಭಾರತದ ಕಡಲ ಪುರಾತತ್ವಕ್ಕೆ ಅಡಿಪಾಯ ಹಾಕಿದವರು, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಅದಕ್ಕೊಂದು ಕೇಂದ್ರ ಕಟ್ಟಿದ ಕನ್ನಡಿಗ ಶಿಕಾರಿಪುರ ರಂಗನಾಥ ರಾವ್. ನೀರಿನಡಿಯಲ್ಲೂ ಚರಿತ್ರೆ ಇದೆ ಎಂದು ದ್ವಾರಕೆಯಲ್ಲಿ ಹುಡುಕಿ ತೋರಿಸಿದ ಆ ದೃಷ್ಟಿಯನ್ನು ನಮ್ಮ ಕೆರೆಗಳ ಕಡೆಗೂ ತಿರುಗಿಸಬೇಕು. ಜೆಸಿಬಿಗಳು ಎತ್ತಿದ ಹೂಳನ್ನು ಯಾರೂ ನೋಡದೆ ಸಾಗಿಸಿದರೆ, ಇಲ್ಲಿ ಮರವೇ ಇರಲಿಲ್ಲ ಎಂದು ಹೇಳುವ ಹಕ್ಕು ನಮಗಿಲ್ಲ.

ಬೇಕಾದ ಬಲವೆಲ್ಲ ಈ ಊರಿನ ಕೈಯಳತೆಯಲ್ಲೇ ಇದೆ. ಮರದ ಜಾತಿ ಗುರುತಿಸಲು, ರಕ್ಷಕಗಳನ್ನು ಪರೀಕ್ಷಿಸಲು ಮಲ್ಲೇಶ್ವರದ ಸಂಸ್ಥೆಯಿದೆ; ಬಂದರ ನೀರಿನಲ್ಲಿ ಮರ ಕೊರೆಯುವ ಜೀವಿಗಳ ಅಧ್ಯಯನದ ಅನುಭವ ಅದಕ್ಕಿದೆ, ಹೊಸಕೋಟೆಯ ಬಳಿ ಗೊಟ್ಟಿಪುರದಲ್ಲಿ ಅದರ ಕ್ಷೇತ್ರಕೇಂದ್ರವಿದೆ. ಪೀಣ್ಯಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ 1960ರ ದಶಕದಲ್ಲಿ ನೆಲೆಗೊಂಡ ಪ್ಲೈವುಡ್ ಸಂಶೋಧನಾ ಸಂಸ್ಥೆ, ಗೇರುಸಿಪ್ಪೆಯ ಎಣ್ಣೆಯಿಂದ ಅಂಟು ತಯಾರಿಸುವ ವಿದ್ಯೆಯಲ್ಲಿ ಪಳಗಿದೆ. ಮೈಸೂರಿನಲ್ಲಿ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರವಿದೆ. ಕೊರತೆ ಇರುವುದು ಇವರನ್ನೆಲ್ಲ ಒಂದು ಕೆರೆಯ ಏರಿಯ ಮೇಲೆ ಸೇರಿಸುವ ಏರ್ಪಾಡಿನದು. ಹೂಳೆತ್ತುವ ಗುತ್ತಿಗೆಯಲ್ಲೇ ಪುರಾತತ್ವದ ಕಣ್ಗಾವಲನ್ನು ಕಡ್ಡಾಯ ಮಾಡುವುದು, ಸಿಕ್ಕ ಮರವನ್ನು ಆರದಂತೆ ಇಡಲು ನೆರಳಿನ ತೊಟ್ಟಿಯೊಂದನ್ನು ಸಿದ್ಧವಿಡುವುದು, ಅಳತೆಯ ಸಸ್ಯಮದ್ದನ್ನು ತೊಟ್ಟಿಗೆ ಹಾಕಿ ಪ್ರತಿ ಬಾರಿಯೂ ದಾಖಲಿಸುವುದು, ಇಷ್ಟಕ್ಕೆ ದೊಡ್ಡ ಕಟ್ಟಡ ಬೇಡ. ಬೇಕಾದದ್ದು ಹುದ್ದೆ ಮತ್ತು ವರ್ಷವರ್ಷದ ಹಣ. ಹಳೆಯ ಊರುಗಳು ತೂಬನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಅದನ್ನು ನೋಡಿಕೊಳ್ಳಲು ನೀರುಗಂಟಿಯನ್ನು ನೇಮಿಸಿ, ಅವನ ಜೀವನಕ್ಕೆ ಬೆಳೆಯಲ್ಲಿ ಪಾಲು ಕೊಟ್ಟವು. ಸಸ್ಯಮೂಲದ ಸೂಕ್ಷ್ಮಾಣುನಾಶಕವನ್ನು ಆರಿಸುವವರು ಅದರ ಜೊತೆಗೆ ಅಂಥ ಒಬ್ಬರನ್ನೂ ಆರಿಸಬೇಕು. ಮತ್ತೆ ಬಂದು ನೋಡುವ, ಮತ್ತೆ ಹಚ್ಚುವ ಜನ ಇಲ್ಲದ ಕಡೆ ಬೇವು, ಹೊಂಗೆಗಳು ಆರ್ಸೆನಿಕ್‌ಗೆ ಬದಲಿಯಾಗಲಾರವು. ಅಂಥವರಿರುವ ಕಡೆ, ನೂರು ವರ್ಷಗಳ ನಂತರ ಬರುವ ಸಂರಕ್ಷಕರಿಗೆ ನಮ್ಮ ತಪ್ಪುಗಳನ್ನು ತಿದ್ದುವ ಅವಕಾಶವನ್ನು ಉಳಿಸಿಕೊಡುವ ಮದ್ದು ಇವುಗಳಷ್ಟು ಸೂಕ್ತವಾದದ್ದು ಸುಲಭಕ್ಕೆ ಸಿಗದು.